ಎಂತ ಹರಕೆ ಉಂಟಾ?

ಚಳಿಗಾಲ ಬಂತೆಂದರೆ ಬೆಂಗಳೂರಿನ ಗೆಳೆಯರ ಫೋನ್ ಶುರು. ಮೊದಲ ಪ್ರಶ್ನೆ, “ಕುಮಾರ ಪರ್ವತಕ್ಕೆ ಎಷ್ಟು ಸಲ ಹೋಗಿದ್ದೀಯ?” ಬೆಟ್ಟದ ಬುಡದಲ್ಲಿ ಹುಟ್ಟಿದವನು ವಾರಕ್ಕೊಮ್ಮೆ ಹತ್ತಿ ಇಳಿಯುತ್ತಾನೆ ಅಂತ ಅವರ ಲೆಕ್ಕ. ನಮ್ಮೂರಲ್ಲಿ ಬೆಟ್ಟ ಹತ್ತಲು ಕಾರಣ ಬೇಕು. ಹರಕೆ ಇರಬೇಕು, ತಪ್ಪಿಸಿಕೊಂಡ ದನ ಹುಡುಕಬೇಕು, ಇಲ್ಲವೇ ನನ್ನ ಹಾಗೆ ಸುದ್ದಿ ಬೇಕು. ‘ಸುಮ್ಮನೆ’ ಅನ್ನುವುದು ಕಾರಣವಲ್ಲ.

ಹೋಗಬೇಕೆಂದರೂ ಸಮಯ ಕೂಡಿಬರುವುದಿಲ್ಲ. ಮಳೆಗಾಲದಲ್ಲಿ ದಾರಿ ಜಾರುತ್ತದೆ, ಉಂಬಳ ಕಾಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಹುಲ್ಲೆಲ್ಲ ಒಣಗಿ ಬೆಂಕಿಯ ಭಯ, ಅರಣ್ಯ ಇಲಾಖೆಯವರು ದಾರಿ ಮುಚ್ಚುತ್ತಾರೆ. ಉಳಿಯುವುದು ಮಳೆ ನಿಂತ ಮೇಲಿನ ಕೆಲವೇ ತಿಂಗಳು. ಅದೇ ತಿಂಗಳುಗಳಲ್ಲಿ ನಮಗೆ ಅಡಿಕೆ ಕೊಯ್ಲು. ಅಂಗಳದಲ್ಲಿ ಹರಡಿದ ಅಡಿಕೆ ಚಾಲಿ ಆಗಲು 40-45 ದಿನದ ಬಿಸಿಲು ಬೇಕು. ಮೋಡ ಕಂಡರೆ ಓಡಿ ಹೋಗಿ ರಾಶಿ ಮಾಡಿ ಟಾರ್ಪಾಲ್ ಎಳೆಯಬೇಕು. ಹಾಗಾಗಿ ಪೇಟೆಯವರು ಬೆಟ್ಟದ ಮೇಲಿದ್ದಾಗ ನಾವು ಅಂಗಳದಲ್ಲಿರುತ್ತೇವೆ.

2024ರ ಜನವರಿ 26 ಶುಕ್ರವಾರ ಬಿದ್ದಿತ್ತು. ಮೂರು ದಿನ ರಜೆ. ಚಾರಣಕ್ಕೆ ಬಂದ ಸಾವಿರಾರು ಜನ ಕುಮಾರ ಪರ್ವತದ ದಾರಿಯಲ್ಲಿ ಸಾಲುಗಟ್ಟಿ ನಿಂತ ವಿಡಿಯೋ ರಾಜ್ಯವೆಲ್ಲ ಓಡಾಡಿತು. ಸುದ್ದಿಗಿಷ್ಟು ಅಂತ ದುಡ್ಡು ಸಿಗುವ ನನ್ನಂಥವರಿಗೆ ಅದು ಒಳ್ಳೆಯ ವಾರ, ಬೆಟ್ಟಕ್ಕೆ ಅಲ್ಲ. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಯೆಲ್ಲ ಸರ್ಕಾರ ಚಾರಣವನ್ನು ಸ್ವಲ್ಪ ಕಾಲ ನಿಲ್ಲಿಸಿತು. ಮತ್ತೆ ತೆರೆದಾಗ ದಿನಕ್ಕೆ 300 ಜನ ಎಂಬ ಮಿತಿ ಬಂತು. ಜೀಪಿನವರು, ಹೋಟೆಲಿನವರು ಗೊಣಗಿದರು. ಅವರ ಹೊಟ್ಟೆಪಾಡು ನನಗೂ ಗೊತ್ತು. ಆದರೂ ಮಿತಿ ಸರಿ ಅಂತಲೇ ನನ್ನ ಅಭಿಪ್ರಾಯ. ಆ ಜನಸಾಗರ ಎಲ್ಲೆಲ್ಲಿ ಕೂತಿರಬಹುದು, ಏನೇನು ಬಿಟ್ಟು ಬಂದಿರಬಹುದು ಯೋಚಿಸಿ. ಕುಮಾರಧಾರೆ ಹುಟ್ಟುವುದು ಅಲ್ಲೇ, ಕೆಳಗೆ ಅದೇ ನೀರು ನಮಗೆ.

ಕಳೆದ ಡಿಸೆಂಬರಿನಲ್ಲಿ ಅಮ್ಮನ ಹೆಸರಿನಲ್ಲೂ ಒಂದು ಬುಕಿಂಗ್ ಮಾಡಿದೆ. ಆಧಾರ್ ಕಾರ್ಡ್ ಕೇಳಿದಾಗ ರೇಷನ್ನಿಗೆ ಅಂದುಕೊಂಡಿದ್ದಳು. ವಿಷಯ ಹೇಳಿದೆ. “ಬೆಟ್ಟಕ್ಕೂ ಟಿಕೆಟ್ ಉಂಟಾ ಮಾರಾಯ?” ಅಂದಳು. 56 ವರ್ಷ ಅವಳಿಗೆ. ಮದುವೆಯಾಗಿ ಬಂದ ದಿನದಿಂದ ಆ ಬೆಟ್ಟ ನೋಡುತ್ತಿದ್ದಾಳೆ, ಮೋಡದ ಲೆಕ್ಕ ಹಾಕಲು. ಪಕ್ಕದ ಮನೆಯ ಚಿಕ್ಕಪ್ಪ ಅಡಿಕೆ ನೋಡಿಕೊಳ್ಳುತ್ತೇನೆ ಅಂದರು. ಜತೆಗೆ ಕೇಳಿಯೂ ಕೇಳಿದರು, “ಎಂತ ಹರಕೆ ಉಂಟಾ?”

ತುದಿಯವರೆಗೆ ಹೋಗುವ ಯೋಚನೆ ಇರಲಿಲ್ಲ. 1,712 ಮೀಟರ್ ಎತ್ತರ ಅದು. ಕುಕ್ಕೆ ಕಡೆಯಿಂದ ಹತ್ತಿ ಒಂದೇ ದಿನದಲ್ಲಿ ಇಳಿಯುವುದು ಹುಡುಗರಿಗೂ ಕಷ್ಟ. ಭಟ್ಟರ ಮನೆ ಎಂದು ಚಾರಣಿಗರು ಕರೆಯುವ ಗಿರಿಗದ್ದೆಯ ತನಕ ಸಾಕು ಅಂತ ಹೊರಟೆವು, ಸುಮಾರು 5-6 ಕಿಲೋಮೀಟರ್. ಬೆಳಗ್ಗೆ ಸ್ವೆಟರ್ ಹಾಕಿದವರು ಅರ್ಧ ಗಂಟೆಯಲ್ಲಿ ಬಿಚ್ಚಿ ಸೊಂಟಕ್ಕೆ ಕಟ್ಟಿದೆವು. ದಾರಿ ಪೂರಾ ಕಾಡು, ಬೇರುಗಳೇ ಮೆಟ್ಟಿಲು. ಭೀಮನ ಕಲ್ಲಿನ ಹತ್ತಿರ ಅಮ್ಮ ಕೂತು ನೀರು ಕುಡಿದಳು. ಚಳಿಯಲ್ಲಿ ಬಾಯಾರುವುದು ಗೊತ್ತಾಗುವುದಿಲ್ಲ, ಆದರೆ ಬೆವರು ಹೋಗುತ್ತಲೇ ಇರುತ್ತದೆ. ಹೋಗುವವರು ತಲೆಗೆ ಎರಡು ಲೀಟರಾದರೂ ಹೊತ್ತುಕೊಳ್ಳಿ. ಮೊದಲೊಂದು ಗಂಟೆ ಅವಳ ಮಾತೆಲ್ಲ ಅಡಿಕೆಯದ್ದೇ. ಚಿಕ್ಕಪ್ಪ ಮಗುಚಿದನೋ ಇಲ್ಲವೋ, ಕೋಳಿ ಕೆದಕಿತೋ ಏನೋ. ಆಮೇಲೆ ಆ ಮಾತು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ.

ಕಾಡು ಮುಗಿದು ಬಯಲು ತೆರೆದಾಗ ಗಾಳಿ ತಣ್ಣಗೆ ಬಡಿಯಿತು. ಎದುರಿಗೆ ಹೊಂಬಣ್ಣದ ಹುಲ್ಲಿನ ಗುಡ್ಡಗಳು, ಕೆಳಗೆ ಕಣಿವೆ ತುಂಬ ಮಂಜು ಇನ್ನೂ ಹಾಗೇ ಇತ್ತು. ಅಮ್ಮ ನಮ್ಮ ಮನೆ ಹುಡುಕಿದಳು. ಕಾಣಲಿಲ್ಲ. “ನಮ್ಮ ಅಂಗಳಕ್ಕೆ ಇಷ್ಟು ಹೊತ್ತಾದರೂ ಬಿಸಿಲು ಯಾಕೆ ಬರುವುದಿಲ್ಲ ಅಂತ ಈಗ ಗೊತ್ತಾಯಿತು” ಅಂದಳು. ಪುಂಡಿ, ಚಟ್ನಿ ಬಿಚ್ಚಿ ತಿಂದೆವು. ಸೆರಗು ತಲೆಗೆ ಹೊದ್ದು ಬಿಸಿಲಿಗೆ ಕಾಲು ಚಾಚಿ ಅವಳು ಒಂದು ಗಂಟೆ ಸುಮ್ಮನೆ ಕೂತಿದ್ದಳು. ಕೈಯಲ್ಲಿ ಕತ್ತಿ ಇಲ್ಲ, ಮೊರ ಇಲ್ಲ. ಹಗಲು ಹೊತ್ತು ಅವಳನ್ನು ಹಾಗೆ ನಾನು ನೋಡಿದ ನೆನಪಿಲ್ಲ.

ಇಳಿಯುವಾಗ ಅವಳ ಮಂಡಿ ಹಿಡಿದುಕೊಂಡಿತು. ಒಂದು ಕೋಲು ಊರಿ ನಿಧಾನವಾಗಿ ಬಂದೆವು. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಕತ್ತಲಾಗುವ ಮೊದಲು ಬುಡ ಸೇರುವಂತೆ ಹೊರಡಬೇಕು.

ಒಂದು ಮಾತು ಇಲಾಖೆಯವರಿಗೆ. ಶನಿವಾರ, ಭಾನುವಾರದ 300 ಜಾಗ ಪೇಟೆಯವರೇ ತಗೊಳ್ಳಲಿ, ಬೇಜಾರಿಲ್ಲ. ವಾರದ ಒಂದು ದಿನ ಬುಡದ ಗ್ರಾಮಗಳವರಿಗೆ ಸ್ವಲ್ಪ ಜಾಗ ಬಿಡಿ, ಫೋನ್ ಗೊತ್ತಿಲ್ಲದವರು ಗೇಟಿನಲ್ಲೇ ಹೆಸರು ಬರೆಸುವಂತೆ ಮಾಡಿ. ನೆಟ್‌ವರ್ಕೇ ಸಿಗದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಮೊನ್ನೆ ದೊಡ್ಡಮ್ಮನ ಫೋನ್ ಬಂತು. ಆಧಾರ್ ನಂಬರ್ ಬರೆದುಕೋ ಅಂದರು. ಯಾವುದಕ್ಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.