ಬೆಳೆಯುವ ಅಂಗಿ

ರಾಮಸಮುದ್ರವಿರುವ ಯಾದಗಿರಿ ಸೀಮೆಯಲ್ಲಿ ಹಳೆಯ ಸೀರೆಗಳು ಕೌದಿಯಾಗಿ ಮರುಹುಟ್ಟು ಪಡೆಯುತ್ತವೆ. ಕೊರಳಿನಿಂದ ಕೆಳಕ್ಕೆ ಹೆಣೆಯುವ ರ‍್ಯಾಗ್ಲನ್ ಸ್ವೆಟರಿನಲ್ಲಿಯೂ ಅಂತಹುದೇ ವಿವೇಕವಿದೆ. 1815ರ ವಾಟರ್‌ಲೂ ಕದನದಲ್ಲಿ ಬಲಗೈ ಕಳೆದುಕೊಂಡು, ಮುಂದೆ ಲಾರ್ಡ್ ರ‍್ಯಾಗ್ಲನ್ ಎನಿಸಿದ ಸೇನಾನಿಯ ಹೆಸರು ಈ ಬಗೆಯ ತೋಳಿಗೆ ಬಂದಿದೆ. ತಂತಿಯಿಂದ ಕೂಡಿಸಿದ ಜೋಡಿ ಕಡ್ಡಿಗಳ ಮೇಲೆ ಹೆಣಿಗೆ ಸುತ್ತುಸುತ್ತಾಗಿ ಇಳಿಯುತ್ತದೆ. ಎದೆ, ಬೆನ್ನು, ತೋಳುಗಳು ಕೂಡುವ ನಾಲ್ಕು ಗೆರೆಗಳ ಇಕ್ಕೆಲಗಳಲ್ಲಿ ಸುತ್ತು ಬಿಟ್ಟು ಸುತ್ತಿಗೆ ಒಟ್ಟು 8 ಕುಣಿಕೆಗಳು ಹೆಚ್ಚುತ್ತವೆ. ನಡುವೆಯೇ ಮಗುವಿಗೆ ತೊಡಿಸಿ ಅಳತೆ ನೋಡಬಹುದು. ಮಗು ಎತ್ತರವಾದಾಗ ಅಂಚನ್ನು ಬಿಚ್ಚಿ, ಅಲ್ಲಿಂದಲೇ ಮತ್ತಷ್ಟು ಹೆಣೆಯಬಹುದು. ವರ್ಷಕ್ಕೊಂದು ಸ್ವೆಟರು ಕೊಳ್ಳಲಾರದ ತಾಯಿಗೆ ಇದು ದೊಡ್ಡ ಆಸರೆ. ಮುಗಿದುದನ್ನು ಬಿಚ್ಚುವ ಧೈರ್ಯವಿದ್ದರೆ ಅದೇ ಅಂಗಿ ಇನ್ನೊಂದು ಚಳಿಗಾಲದಲ್ಲಿಯೂ ಮೈ ಕಾಯುತ್ತದೆ.