ತಮ್ಮನ ಗಡಿಯಾರ

ಪಡುಬಿದ್ರಿಯ ನಮ್ಮ ಮನೆಯ ಚಾವಡಿಯಲ್ಲಿ ಎರಡು ಗಡಿಯಾರಗಳುಂಟು. ಗೋಡೆಯಲ್ಲಿ ತೂಗುವುದು ನನ್ನ ತಾಯಿಯ ತವರಿನಿಂದ ಬಂದದ್ದು, ಲೋಲಕವುಳ್ಳದ್ದು, ಎಂಟು ದಿನಕ್ಕೊಮ್ಮೆ ಕೀಲಿ ಕೊಡಿಸಿಕೊಳ್ಳುವಂಥದು. ಆಷಾಢದ ಮಳೆಯಲ್ಲಿ ಅದಕ್ಕೂ ನೆಗಡಿಯಾಗಿ ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳುವುದು. ಅದರ ಕೆಳಗೆ ಹಲಗೆಯ ಮೇಲೆ ಕುಳಿತಿರುವ ಎರಡನೆಯದು ಅಂಗೈಯಗಲದ್ದು. ಮುಳ್ಳುಗಳಿಲ್ಲದೆ ಬರಿಯ ಅಂಕೆಗಳಿಂದ ಹೊತ್ತು ಹೇಳುವಂಥದು. ಇದನ್ನು 2005ನೆಯ ಇಸವಿಯ ಡಿಸೆಂಬರಿನಲ್ಲಿ ನನ್ನ ತಮ್ಮನು ಅಮೆರಿಕದ ನ್ಯೂಜೆರ್ಸಿಯಿಂದ ತಂದನು.

“ಅಮ್ಮಾ, ಇದು ನನ್ನ ಮನೆಯ ಗಂಟೆ. ಇದನ್ನು ನೋಡಿದರೆ ನಾನು ಎದ್ದೆನೋ, ಉಂಡೆನೋ, ಮಲಗಿದೆನೋ ನಿನಗೆ ತಿಳಿಯುವುದು. ಇದನ್ನು ಯಾರೂ ಮುಟ್ಟುವುದು ಬೇಡ. ಅಲ್ಲಿ ವರ್ಷಕ್ಕೆರಡು ಸಲ ಗಂಟೆ ಬದಲಾಗುವುದುಂಟು. ಆಗ ಇದು ತಾನಾಗಿಯೇ ಬದಲಾಗುವುದು” ಎಂದು ಅವನು ಹೇಳಿದನು. ಮುಟ್ಟಬೇಡ ಎಂದದ್ದು ನನ್ನ ಕಡೆ ನೋಡಿ. ಬಾಲ್ಯದಲ್ಲಿ ಅವನ ಆಟಿಕೆಗಳನ್ನೆಲ್ಲ ಬಿಚ್ಚಿ ನೋಡಿದವನು ನಾನು.

ವರ್ಷಕ್ಕೆರಡು ಸಲ ಗಂಟೆ ಬದಲಾಗುವುದೆಂದರೇನು ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ನಮ್ಮ ಕಡಲತೀರದಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನ್ಯೂಜೆರ್ಸಿಯಲ್ಲಿಯಾದರೋ ಬೇಸಗೆಯ ಹಗಲು ಹದಿನೈದು ಗಂಟೆ. ಚಳಿಗಾಲದ್ದು ಒಂಬತ್ತು ಗಂಟೆಗಿಂತ ತುಸು ಹೆಚ್ಚು. ಬೇಸಗೆಯಲ್ಲಿ ಜನರು ಮಲಗಿರುವಾಗಲೇ ಬೆಳಕು ವ್ಯರ್ಥವಾಗಿ ಹರಿದುಹೋಗುವುದು. ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟರೆ ಸಂಜೆಗೆ ಅಷ್ಟು ಬೆಳಕು ಉಳಿಯುವುದಷ್ಟೆ. 1895ರಲ್ಲಿ ಈ ಯೋಚನೆಯನ್ನು ಮುಂದಿಟ್ಟವನು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಅಂಚೆ ಇಲಾಖೆಯ ಕೆಲಸ ಮುಗಿಸಿ ಸಂಜೆ ಕೀಟಗಳನ್ನು ಸಂಗ್ರಹಿಸುತ್ತಿದ್ದ ಮನುಷ್ಯ. 1907ರಲ್ಲಿ ಲಂಡನಿನಲ್ಲಿ ಮನೆ ಕಟ್ಟಿಸುವ ಉದ್ಯೋಗದ ವಿಲಿಯಂ ವಿಲೆಟ್ ಎಂಬವನು ಇದಕ್ಕಾಗಿಯೇ ಒಂದು ಪುಸ್ತಿಕೆಯನ್ನು ಅಚ್ಚುಹಾಕಿಸಿದನು. ಜನರು ನಕ್ಕರು. ಅವನು 1915ರಲ್ಲಿ ತೀರಿಕೊಂಡನು. ಮರುವರ್ಷವೇ ಯುದ್ಧದ ಒತ್ತಡದಿಂದ ಮೊದಲು ಜರ್ಮನಿಯೂ ಬೆನ್ನಲ್ಲೇ ಇಂಗ್ಲೆಂಡೂ ಗಡಿಯಾರಗಳನ್ನು ತಿರುಗಿಸಿದುವು. ಅಮೆರಿಕವು 1918ರಲ್ಲಿ ಅದೇ ಹಾದಿ ಹಿಡಿಯಿತು.

ತಮ್ಮನು ಪ್ರತಿ ಭಾನುವಾರ ತನ್ನ ಬೆಳಗಿನ ಒಂಬತ್ತು ಗಂಟೆಗೆ ತಾಯಿಗೆ ಟೆಲಿಫೋನು ಮಾಡುವನು. ಚಳಿಗಾಲದಲ್ಲಿ ಅದು ನಮ್ಮ ರಾತ್ರಿ ಏಳೂವರೆ. ಬೇಸಗೆಯಲ್ಲಿ ಸಂಜೆ ಆರೂವರೆ. ಈ ಲೆಕ್ಕವನ್ನು ತಾಯಿ ಎಂದೂ ಮಾಡಿದವಳಲ್ಲ. ಹಲಗೆಯ ಮೇಲಿನ ಗಡಿಯಾರದಲ್ಲಿ ಒಂಬತ್ತು ಮೂಡಿದರೆ ಗಂಟೆ ಬಾರಿಸಿತೆಂದೇ ಅರ್ಥ. 2006ನೆಯ ಇಸವಿಯಲ್ಲಿ ಎರಡು ಸಲವೂ ಅದು ತಪ್ಪದೆ ತಿರುಗಿಕೊಂಡಿತು. ಹಾಗಾಗಿ ನಮ್ಮ ಮನೆಯಲ್ಲಿ ಪಂಚಾಂಗಕ್ಕಿದ್ದಷ್ಟೇ ಮರ್ಯಾದೆ ಅದಕ್ಕೂ ದೊರಕಿತು.

ಆ ವರ್ಷದ ದೀಪಾವಳಿಯ ಹೊತ್ತಿಗೆ ಅಣ್ಣತಮ್ಮಂದಿರಾದ ನಮ್ಮೊಳಗೆ ಮನಸ್ತಾಪವಾಯಿತು. ಹೆದ್ದಾರಿಯ ಬದಿಯಲ್ಲಿದ್ದ ತೆಂಗಿನ ತೋಟವನ್ನು ಮಾರಿ, ಸಾಲ ತೀರಿಸಿ, ಮನೆಯ ಮಾಡನ್ನು ಹೊಸದಾಗಿ ಕಟ್ಟಿಸಬೇಕೆಂಬುದು ನನ್ನ ಎಣಿಕೆ. ತಂದೆ ನೆಟ್ಟ ಮರಗಳು, ಮಾರಕೂಡದು ಎಂದು ಅವನ ಹಟ. ಮಾತಿಗೆ ಮಾತು ಬೆಳೆಯಿತು. “ಮರಕ್ಕೆ ನೀರು ಹಾಕಿದವನು ನಾನು. ನೀನು ಅಲ್ಲಿ ಕುಳಿತು ಕಣ್ಣೀರು ಹಾಕಿದರೆ ಕಾಯಿ ಬಿಡುವುದೇ?” ಎಂದು ನಾನು ಅಂದೆನು. ಅನ್ನಬಾರದ ಮಾತು. ಅವನು ಟೆಲಿಫೋನನ್ನು ಇಟ್ಟನು. ಮತ್ತೆ ಭಾನುವಾರಗಳಲ್ಲಿ ಗಂಟೆ ಬಾರಿಸಲಿಲ್ಲ.

ತಾಯಿ ನಮ್ಮಿಬ್ಬರಲ್ಲಿ ಯಾರನ್ನೂ ದೂರಲಿಲ್ಲ. ಭಾನುವಾರ ರಾತ್ರಿ ಒಂಬತ್ತರ ಅಂಕೆ ಮೂಡುವಾಗ ಮಾತ್ರ ಹೂಬತ್ತಿ ಹೊಸೆಯುವ ನೆವದಿಂದ ಚಾವಡಿಗೆ ಬಂದು ಕುಳಿತಿರುವಳು. ಹತ್ತಾಗುವಾಗ ಎದ್ದುಹೋಗುವಳು. ಆ ಚಳಿಗಾಲದಲ್ಲಿ ಹೊಸೆದ ಬತ್ತಿಗಳು ಎರಡು ವರ್ಷಕ್ಕೆ ಸಾಕಾದುವು.

ನನಗೆ ತಿಳಿಯದಂತೆ ಅವಳು ಅವನಿಗೆ ಕಾಗದ ಬರೆಸಿದ್ದಳೆಂದು ತೋರುತ್ತದೆ. ಫೆಬ್ರವರಿಯ ಕೊನೆಗೆ ಅವನಿಂದ ಉತ್ತರ ಬಂತು. ಮಾರ್ಚ್ 11ರ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮಾಡುವೆನೆಂದೂ, ಅಣ್ಣನೇ ಎತ್ತಲೆಂದೂ, ತೋಟದ ವಿಷಯ ಹೇಗಾದರೂ ಆಗಲಿ, ಮಾತು ನಿಲ್ಲುವುದು ಬೇಡವೆಂದೂ ಬರೆದಿದ್ದನು. ತಾಯಿ ಆ ಕಾಗದವನ್ನು ನನ್ನ ಊಟದ ಎಲೆಯ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಆ ಭಾನುವಾರ ಸಂಜೆ ಐದೂವರೆಗೆ ನಾವೆಲ್ಲರೂ ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋದೆವು. ಇನ್ನೂ ಎರಡು ಗಂಟೆಯ ಕಾಲಾವಕಾಶವುಂಟೆಂದು ನಮ್ಮ ಎಣಿಕೆ. ಮಕ್ಕಳಿಬ್ಬರ ಮನಸ್ಸು ಕೂಡಲೆಂದು ತಾಯಿ ಹಣ್ಣುಕಾಯಿ ಮಾಡಿಸಿದಳು. ಏಳಕ್ಕೆ ಹಿಂದಿರುಗಿ, ಕೈಕಾಲು ತೊಳೆದು, ನಾನು ಟೆಲಿಫೋನಿನ ಬಳಿ ಕುಳಿತೆನು. ಒಂಬತ್ತು ಮೂಡಿತು. ಒಂಬತ್ತೂಕಾಲು ಆಯಿತು. ಹತ್ತೂ ಆಯಿತು. ಗಂಟೆ ಬಾರಿಸಲಿಲ್ಲ.

“ನೋಡಿದೆಯಾ ನಿನ್ನ ಮಗನ ಮಾತು!” ಎಂದೆನು. ತಾಯಿ ಉತ್ತರ ಕೊಡಲಿಲ್ಲ. ಆ ರಾತ್ರಿ ಬಡಿಸಿದ ಅನ್ನ ಹಾಗೆಯೇ ಉಳಿಯಿತು. ಮರುದಿನ ಕೆಲಸದಾಕೆಯು, “ನಿನ್ನೆ ಮುಚ್ಚಂಜೆ ಹೊತ್ತಿಗೆ ಒಳಗೆ ಫೋನು ಬಡಕೊಳ್ಳುತ್ತಾ ಇತ್ತು” ಎಂದಳು. ಯಾರದೋ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೇ ಅವನಿಗೆ ಮಾಡಬಹುದಿತ್ತು ಎಂದು ವಾಚಕರು ಹೇಳಿಯಾರು. ಮಾಡಬಹುದಿತ್ತು. ಮಾಡಲಿಲ್ಲ. ಇನ್ನೆರಡು ಭಾನುವಾರಗಳು ಹೀಗೆಯೇ ಕಳೆದುವು.

ಎಪ್ರಿಲ್ 1 ಕೂಡ ಭಾನುವಾರವೇ. ನಡುಹಗಲು, ಹನ್ನೆರಡೂವರೆಯ ಸಮಯ, ನಾನು ಊಟಕ್ಕೆ ಕುಳಿತಿದ್ದೆನು. ತಾಯಿ ಚಾವಡಿಯಿಂದ ಕೂಗಿದಳು: “ಇದು ಹಾರಿತು ನೋಡು!” ಏನು ಹಾರಿತೆಂದು ಹೋಗಿ ನೋಡಿದರೆ ಅವಳು ತಮ್ಮನ ಗಡಿಯಾರವನ್ನು ಬೊಟ್ಟುಮಾಡಿ ನಿಂತಿದ್ದಳು. ಒಂದು ಗಂಟೆ ಐವತ್ತೊಂಬತ್ತು ನಿಮಿಷ ತೋರಿಸುತ್ತಿದ್ದದ್ದು ಅವಳ ಕಣ್ಣೆದುರಿಗೇ ಎರಡನ್ನು ಬಿಟ್ಟು ಮೂರಾಯಿತಂತೆ. ಹಿಂದಿನ ವರ್ಷವೂ ಅದು ಹಾರಿದ್ದಿರಬೇಕು. ಆದರೆ ಯಾರೂ ನೋಡಿರಲಿಲ್ಲ. ನಾನು, “ಬೇಸಗೆಯ ಗಂಟೆ ಅಮ್ಮ. ತಾನಾಗಿ ತಿರುಗುವುದೆಂದು ಅವನು ಹೇಳಿರಲಿಲ್ಲವೇ?” ಎಂದೆನು.

ತಾಯಿ ಮಾತ್ರ ಅಲ್ಲಿಂದ ಕದಲಲಿಲ್ಲ. “ಇದು ಸರಕಾರದ ಗಂಟೆ” ಎಂದಳು. ಆಮೇಲೆ ಗೋಡೆಯ ಗಡಿಯಾರದ ಕಡೆ ತಿರುಗಿ ಒಂದು ಕಥೆ ಹೇಳಿದಳು. ನಾನು ಅದುವರೆಗೆ ಕೇಳಿರದ ಕಥೆ.

ಅವಳಿಗೆ ಆಗ ಹತ್ತು ವರ್ಷ. 1942ನೆಯ ಇಸವಿ, ಯುದ್ಧಕಾಲ. ಅಮೆರಿಕದ ಈ ಆಟವನ್ನು ನಮ್ಮ ದೇಶವೂ ಒಮ್ಮೆ ಆಡಿತ್ತೆಂಬುದನ್ನು ಈಗ ಎಷ್ಟು ಮಂದಿ ಬಲ್ಲರು? ಆ ವರ್ಷದ ಸೆಪ್ಟೆಂಬರ್ 1ರಿಂದ ಹಿಂದುಸ್ಥಾನದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋಗಬೇಕೆಂದು ಸರಕಾರದ ಅಪ್ಪಣೆಯಾಯಿತು. 1945ರ ಅಕ್ಟೋಬರ್ 15ರವರೆಗೂ ಹಾಗೆಯೇ ನಡೆಯಿತು. ಇಲ್ಲಿ ಒಂದು ಮಾತು ಹೇಳಬೇಕು. 1906ರಿಂದ ದೇಶಕ್ಕೆಲ್ಲ ಗೊತ್ತುಮಾಡಿದ ಗಂಟೆಯು ಮಿರ್ಜಾಪುರದ ಸಮೀಪ ಹಾದುಹೋಗುವ ರೇಖೆಯದು. ನಮ್ಮ ಪಡುಬಿದ್ರಿ ಅದಕ್ಕಿಂತ ಬಹಳ ಪಶ್ಚಿಮಕ್ಕಿರುವುದರಿಂದ ಸೂರ್ಯನು ಇಲ್ಲಿ ನೆತ್ತಿಗೆ ಬರುವುದು ಸುಮಾರು ಹನ್ನೆರಡೂವರೆಗೆ. ಯುದ್ಧದ ಗಂಟೆಯಲ್ಲಿ ಅದು ಒಂದೂವರೆಯಾಯಿತು! ಮುಂಬಯಿಯ ಜನರು ತಮ್ಮದೇ ಹಳೆಯ ಗಂಟೆಯನ್ನು 1955ರವರೆಗೂ ಬಿಡದೆ ಹಿಡಿದುಕೊಂಡಿದ್ದದ್ದು ಇಂಥ ಕಾರಣದಿಂದಲೇ ಇರಬೇಕು.

ನನ್ನ ಅಜ್ಜ, ಎಂದರೆ ತಾಯಿಯ ತಂದೆ, ಈ ಅಪ್ಪಣೆಯನ್ನು ಒಪ್ಪಲಿಲ್ಲ. “ನೇಸರು ಕೇಳುವುದಾದರೆ ನಾನೂ ಕೇಳುವೆನು” ಎಂದು ಗೋಡೆಯ ಗಡಿಯಾರವನ್ನು ಇದ್ದ ಹಾಗೆಯೇ ಬಿಟ್ಟರು. ದೇವಸ್ಥಾನದ ಮಧ್ಯಾಹ್ನದ ಪೂಜೆಗೂ, ಪಂಚಾಂಗದ ಘಳಿಗೆಗಳಿಗೂ, ಕಡಲಿಗೆ ಹೋಗುವ ಮೊಗವೀರರಿಗೂ ಸರಕಾರದ ಗಂಟೆಯಿಂದ ಏನೂ ಆಗಬೇಕಿರಲಿಲ್ಲ; ಕಾಪುವಿನ ದೀಪಸ್ತಂಭವೂ 1901ರಿಂದ ಕತ್ತಲೆಯನ್ನು ನೋಡಿಯೇ ಉರಿಯುತ್ತಿತ್ತು. ಆದರೆ ಅಂಚೆಯೂ, ಬಸ್ಸೂ, ಶಾಲೆಯ ಗಂಟೆಯೂ ಸರಕಾರದವು. ತಾಯಿ ಮನೆಯ ಗಡಿಯಾರವನ್ನು ನಂಬಿ ಹೊರಟು, ಮೊದಲ ವಾರವೆಲ್ಲ ಶಾಲೆಯ ಜಗಲಿಯಲ್ಲಿ ಹೊರಗೆ ನಿಂತಳು. ಮನೆಗೆ ಬಂದು ಅತ್ತರೂ ಅಜ್ಜ ಮುಳ್ಳನ್ನು ತಿರುಗಿಸಲಿಲ್ಲ. ಕೊನೆಗೆ ಅಜ್ಜಿಯೇ ಉಪಾಯ ಹುಡುಕಿದಳು: ಅಂಗಳದ ತುಳಸಿಕಟ್ಟೆಯ ನೆರಳು ಬೀಳುವಲ್ಲಿ ಸುಣ್ಣದ ಗೆರೆ ಎಳೆದು, ನೆರಳು ಅಲ್ಲಿಗೆ ತಲಪಿದೊಡನೆ ಮಗಳನ್ನು ಹೊರಡಿಸುವಳು. ಮೂರು ವರ್ಷದ ಬಳಿಕ ಸರಕಾರವು ಗಂಟೆಯನ್ನು ಹಿಂದಕ್ಕೆ ತಿರುಗಿಸಿದಾಗ ಅಜ್ಜ ಚಾವಡಿಯಲ್ಲಿ ಕುಳಿತು, “ನಾನು ಎಲ್ಲಿಗೂ ಹೋಗಲಿಲ್ಲ. ಅವರೇ ನನ್ನ ಗಡಿಯಾರಕ್ಕೆ ಬಂದರು” ಎಂದರಂತೆ.

“ಆ ಗಡಿಯಾರದಲ್ಲಿ ದೋಷವಿರಲಿಲ್ಲ. ಶಾಲೆಯದರಲ್ಲಿಯೂ ಇರಲಿಲ್ಲ. ನಾನು ಮಾತ್ರ ಹೊರಗೆ ನಿಂತೆ” ಎಂದು ಕಥೆ ಮುಗಿಸಿ, ತಾಯಿ ಕೇಳಿದಳು: “ಅವನ ಸರಕಾರ ಗಂಟೆ ತಿರುಗಿಸಿದ್ದು ಇವತ್ತೇ ಎಂದು ನಿನಗೆ ಯಾರು ಹೇಳಿದರು? ಇದು ಹೇಳಿತು, ಅಷ್ಟೆ ತಾನೆ?”

ನೆರೆಮನೆಯ ಹುಡುಗನು ಕಂಪ್ಯೂಟರು ಬಲ್ಲವನು. ಅವನಲ್ಲಿಗೆ ಹೋಗಿ ಕೇಳಿದೆನು. ಅವನು ಹುಡುಕಿ ಓದಿದ್ದನ್ನು ಕೇಳಿ ನನಗೆ ಮೈ ಬಿಸಿಯಾಯಿತು. ಅಮೆರಿಕದಲ್ಲಿ ಅದುವರೆಗೆ ಬೇಸಗೆಯ ಗಂಟೆಯು ಎಪ್ರಿಲಿನ ಮೊದಲ ಭಾನುವಾರ ತೊಡಗಿ ಅಕ್ಟೋಬರಿನ ಕೊನೆಯ ಭಾನುವಾರ ಮುಗಿಯುತ್ತಿತ್ತು. 2005ರಲ್ಲಿ ಮಾಡಿದ ಒಂದು ಕಾನೂನಿನಂತೆ 2007ರಿಂದ ಅದು ಮಾರ್ಚಿನ ಎರಡನೆಯ ಭಾನುವಾರಕ್ಕೇ ತೊಡಗಿ ನವೆಂಬರಿನ ಮೊದಲ ಭಾನುವಾರಕ್ಕೆ ಮುಗಿಯತಕ್ಕದ್ದು. ಆ ಎರಡನೆಯ ಭಾನುವಾರವೇ ಮಾರ್ಚ್ 11. ಗಡಿಯಾರದ ಹೊಟ್ಟೆಯೊಳಗೆ ಹಳೆಯ ಕಾನೂನನ್ನು ಅಚ್ಚೊತ್ತಿ ಇಟ್ಟಿದ್ದರು; ಹೊಸದನ್ನು ಅದಕ್ಕೆ ತಿಳಿಸುವ ಹಾದಿಯೇ ಇರಲಿಲ್ಲ. ನಾವು ಹಣ್ಣುಕಾಯಿ ಮಾಡಿಸುತ್ತಿದ್ದ ಆರೂವರೆ ಗಂಟೆಗೇ ಅವನ ಒಂಬತ್ತು ಹೊಡೆದುಹೋಗಿತ್ತು. ಮುಚ್ಚಂಜೆಯಲ್ಲಿ ಬಡಕೊಂಡ ಫೋನು ಅವನದು.

ಆಗಲೇ ಮಾಡುತ್ತೇನೆಂದು ಓಡಿಬಂದೆನು. “ಅಲ್ಲಿ ಈಗ ನಸುಕು. ಮಲಗಿರಲಿ” ಎಂದು ತಾಯಿ ತಡೆದಳು. ಆರೂವರೆಗೆ ಮಾಡಿದೆನು. ಒಂದೇ ಸಲ ಬಡಿಯುವಷ್ಟರಲ್ಲಿ ಅವನು ಎತ್ತಿದನು.

“ಆವತ್ತು ಮೂರು ಸಲ ಮಾಡಿದೆ ಅಣ್ಣ. ಬೇಕೆಂದೇ ಎತ್ತಲಿಲ್ಲವೆಂದು ತಿಳಿದೆ” ಎಂದನು.

“ನಿನ್ನ ಗಡಿಯಾರವನ್ನು ನಾನು ಮುಟ್ಟಲಿಲ್ಲ ಮಾರಾಯ” ಎಂದೆನು. ಅವನು ನಕ್ಕನೋ, ಮತ್ತೇನು ಮಾಡಿದನೋ, ಆ ತಂತಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ಟೆಲಿಫೋನನ್ನು ತಾಯಿಯ ಕೈಗೆ ಕೊಟ್ಟು ಅಂಗಳಕ್ಕೆ ಇಳಿದೆನು.

ತೋಟದ ವಿಷಯ ಆ ಸಂಜೆಗೇ ತೀರಿತೆಂದು ಬರೆದರೆ ಸುಳ್ಳಾದೀತು. ಅರ್ಧವನ್ನು ಮಾರಿದೆವು, ಅರ್ಧವನ್ನು ಇಟ್ಟುಕೊಂಡೆವು. ಮಾರಿದ್ದು ಹೆಚ್ಚಾಯಿತೆಂದು ಅವನೂ ಕಡಿಮೆಯಾಯಿತೆಂದು ನಾನೂ ಇಂದಿಗೂ ಹೇಳುತ್ತಿರುವೆವು. ಬೇರೊಂದು ಗಡಿಯಾರ ಕಳುಹಿಸುವೆನೆಂದು ಅವನು ಅಂದಾಗ ತಾಯಿ ಬೇಡವೆಂದಳು. ವರ್ಷದಲ್ಲಿ ಮಾರ್ಚಿನಿಂದ ಮೂರು ನಾಲ್ಕು ವಾರ, ಅಕ್ಟೋಬರಿನ ಕೊನೆಯಿಂದ ಒಂದು ವಾರ ಅದು ತಪ್ಪುವುದು. ಎರಡು ಸಲವೂ ತಪ್ಪುವುದು ಒಂದೇ ರೀತಿಯಾಗಿ, ಒಂದು ಗಂಟೆ ಹಿಂದೆ. ಆದಕಾರಣ ಒಂದೇ ಚೀಟಿ ಸಾಕೆಂದು ಅವಳೇ ಗೊತ್ತುಮಾಡಿದಳು.

ಈಗ ನನ್ನ ಕೈಯಲ್ಲಿಯೂ ಮೊಬೈಲುಂಟು. ಅದು ದೂರದಿಂದಲೇ ಹೊಸ ಕಾನೂನುಗಳನ್ನು ತರಿಸಿಕೊಳ್ಳುವುದಂತೆ. ಆದರೂ 2023ರ ಮಾರ್ಚಿನಲ್ಲಿ ಲೆಬನಾನಿನ ಸರಕಾರವು ಗಂಟೆ ತಿರುಗಿಸುವುದನ್ನು ಕೊನೆಯ ಗಳಿಗೆಯಲ್ಲಿ ಮುಂದೂಡಿದಾಗ, ಅಲ್ಲಿನ ಫೋನುಗಳು ಅದನ್ನರಿಯದೆ ಹಾರಿ, ಒಂದೇ ಊರಿನಲ್ಲಿ ಕೆಲವು ದಿನ ಎರಡು ಗಂಟೆಗಳು ನಡೆದುವೆಂದು ಓದಿದೆನು. ತಾಯಿ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆನು. ಅವಳು 2014ರಲ್ಲಿ ತೀರಿಕೊಂಡಳು.

ಮಾರ್ಚಿನ ಎರಡನೆಯ ಭಾನುವಾರ ಬಂತೆಂದರೆ ನಾನು ಪಂಚಾಂಗದ ಎಡೆಯಿಂದ ಆ ಚೀಟಿಯನ್ನು ತೆಗೆದು ತಮ್ಮನ ಗಡಿಯಾರದ ನೆತ್ತಿಗೆ ಅಂಟಿಸುವೆನು. ಹಾಲಿನ ಲೆಕ್ಕದ ಪುಸ್ತಕದಿಂದ ಹರಿದ ಕಾಗದ, ದೊಡ್ಡ ದೊಡ್ಡ ಅಕ್ಷರದಲ್ಲಿ ತಾಯಿ ಬರೆದದ್ದು: “ಒಂದು ಸೇರಿಸುವುದು.” ಅಂಟು ಎಷ್ಟೋ ಸಲ ಬಿಟ್ಟುಹೋಗಿದೆ. ಬೇರೆ ಚೀಟಿ ಬರೆದಿಲ್ಲ.