ಗುಳ್ಳೆಯೆದ್ದ ಕೈಗಳು ಮತ್ತು ಧರ್ಮದ ರಿಯಾಯಿತಿ

ಮುಂಗಾರಿನ ಎರಡು ಹದಮಳೆ ಬಿದ್ದರೆ ಸಾಕು, ನಮ್ಮ ಸೀಮೆಯಲ್ಲಿ ಯಾರೂ ಬಿತ್ತದ ಒಂದು ಗಿಡ ತಾನಾಗಿಯೇ ಎದ್ದು ನಿಲ್ಲುತ್ತದೆ. ಚನ್ನಗಿರಿಯ ಅಡಿಕೆ ತೋಟದ ಬೇಲಿ, ಹೊನ್ನಾಳಿ ಮತ್ತು ನ್ಯಾಮತಿಯ ಗದ್ದೆಯ ಬದು, ಜಗಳೂರಿನ ಬೀಳುಹೊಲ, ಕೊನೆಗೆ ನಮ್ಮ ಹಿರಿಯರು ಮಲಗಿರುವ ಖಬರಸ್ಥಾನ ಎಲ್ಲವನ್ನೂ ಅದು ಆವರಿಸುತ್ತದೆ. ಜನರು ಅದನ್ನು ಕಾಂಗ್ರೆಸ್ ಗಿಡ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಪಾರ್ಥೇನಿಯಂ. ಅಮೆರಿಕ ಖಂಡದಿಂದ ಬಂದ ಈ ಕಳೆ ಭಾರತದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ.

ಶಬೇ ಬರಾಅತ್‌ಗೆ ಮುನ್ನ ಖಬರಸ್ಥಾನವನ್ನು ಶುಚಿಗೊಳಿಸಲು ನಾವು ಯುವಕರೊಡನೆ ಹೋಗುವುದುಂಟು. ಕೆಲಸ ಮುಗಿದ ದಿನ ಯಾರಿಗೂ ಏನೂ ಅನ್ನಿಸುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ಕೆಲವರ ಮುಂಗೈ, ಕತ್ತು ಮತ್ತು ಕಣ್ಣಿನ ರೆಪ್ಪೆಗಳು ಕೆಂಪೇರಿ, ತುರಿಕೆ ಹತ್ತಿ, ನೀರು ತುಂಬಿದ ಗುಳ್ಳೆಗಳೇಳುತ್ತವೆ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವೇ ಇದಕ್ಕೆ ಮುಖ್ಯ ಕಾರಣ. ಹಲವು ವರ್ಷ ನಿರಾತಂಕವಾಗಿ ಕಳೆ ಕಿತ್ತವರ ಚರ್ಮವೂ ಒಂದು ದಿನ ಅದನ್ನು ಶತ್ರುವೆಂದು ಗುರುತಿಸಬಹುದು. ಅಲ್ಲಿಂದಾಚೆ ಗಿಡವನ್ನು ಮುಟ್ಟಲೇಬೇಕೆಂದಿಲ್ಲ; ಗಾಳಿಯಲ್ಲಿ ಹಾರಿಬರುವ ಅದರ ಒಣಪುಡಿಯೇ ಸಾಕು. ಅಂಥವರಲ್ಲಿ ಕೆಲವರಿಗೆ ಅದೇ ಕುಟುಂಬದ ಸೇವಂತಿಗೆ, ಸೂರ್ಯಕಾಂತಿಗಳೂ ಆಗಿಬರುವುದಿಲ್ಲ.

ಸಹೋದರ ಸಹೋದರಿಯರೇ, ಆರೈಕೆಯ ಮೊದಲ ಹೆಜ್ಜೆ ಸರಳವಾದುದು. ಕೆಲಸದಿಂದ ಬಂದೊಡನೆ ಕೈ, ಮುಖಗಳನ್ನು ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯಬೇಕು. ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ದದ್ದು ಎದ್ದ ಮೇಲಾದರೋ ಬಿಸಿನೀರು, ಉಜ್ಜುವಿಕೆ, ಗಡಸು ಸಾಬೂನು ಯಾವುದೂ ಸಲ್ಲದು. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು 15-20 ನಿಮಿಷ ಹೊದಿಸಿದರೆ ಉರಿ ಇಳಿಯುತ್ತದೆ. ಕ್ಯಾಲಮೈನ್ ಲೋಷನ್ ತುರಿಕೆಯನ್ನು ತಗ್ಗಿಸುತ್ತದೆ. ಗುಳ್ಳೆಗಳನ್ನು ಒಡೆಯಬಾರದು; ಅವುಗಳ ಮೇಲಿನ ಪೊರೆಯೇ ಗಾಯಕ್ಕೆ ರಕ್ಷಣೆ. ಮಕ್ಕಳ ಉಗುರು ಕತ್ತರಿಸಿಡಿ. ಸುಣ್ಣ, ಬೂದಿ, ಸೊಪ್ಪಿನ ರಸ ಇವು ಕೆರಳಿದ ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ, ಅತ್ತರೂ ಅಷ್ಟೇ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅದನ್ನು ವೈದ್ಯರು ಹೇಳಿದಷ್ಟೇ ದಿನ ಬಳಸಬೇಕು. ಕಣ್ಣು ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ಜ್ವರ ಬಂದರೆ, ಕೀವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕರಿಗೇರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ, ನಮ್ಮ ಮನೆಗಳಲ್ಲಿ ಬಿಲಾವಾ ಎಂದು ಕರೆಯುವ ಈ ಕಾಯಿಯ ಎಣ್ಣೆಯನ್ನು ಉಳುಕಿಗೂ ಕಾಲುನೋವಿಗೂ ಹಚ್ಚುವ ರೂಢಿ ಇನ್ನೂ ಅಳಿದಿಲ್ಲ. ಅದು ಸುಟ್ಟ ಗಾಯದಂತಹ ಗುಳ್ಳೆಗಳನ್ನು ಎಬ್ಬಿಸುತ್ತದೆ. ಎಕ್ಕ ಮತ್ತು ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಉಜ್ಜದೆ, ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ, ಕೂಡಲೇ ಕಣ್ಣಿನ ವೈದ್ಯರನ್ನು ಕಾಣಬೇಕು.

ಇನ್ನು ನಮ್ಮನ್ನು ಬಹುವಾಗಿ ಚಿಂತೆಗೀಡುಮಾಡುವ ಸಂಗತಿಗೆ ಬರೋಣ. ಬೊಬ್ಬೆಯೆದ್ದ ಕೈಗಳನ್ನು ದಿನಕ್ಕೆ ಐದು ಬಾರಿ ತಿಕ್ಕಿ ತೊಳೆದು ಗಾಯವನ್ನು ಮಾಗಲು ಬಿಡದವರಿದ್ದಾರೆ. ನೀರು ಮುಟ್ಟಲಾಗದೆಂದು ನಮಾಝನ್ನೇ ಬಿಟ್ಟು ಒಳಗೊಳಗೇ ಕೊರಗುವವರೂ ಇದ್ದಾರೆ. ಎರಡೂ ಧರ್ಮ ಬಯಸಿದ್ದಲ್ಲ. ಸಾಮಾನ್ಯ ದದ್ದಿಗೆ ತಣ್ಣೀರನ್ನು ಮೆಲ್ಲಗೆ ಹರಿಸಿ, ಒತ್ತಿ ಒರೆಸಿಕೊಂಡರೆ ವುಝೂವಿನಿಂದ ಹಾನಿಯಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿದ್ದರೆ ಉಳಿದ ಭಾಗವನ್ನು ತೊಳೆದು ಪಟ್ಟಿಯ ಮೇಲೆ ಒದ್ದೆ ಕೈಯಿಂದ ಮಸಹ್ ಮಾಡುವ ಅವಕಾಶವಿದೆ. ನೀರೇ ಹಾನಿಕರವೆಂದು ವೈದ್ಯರು ಹೇಳಿದರೆ ತಯಮ್ಮುಮ್ ಇದೆ. ರೋಗಿಗೆ ಈ ರಿಯಾಯಿತಿಯನ್ನು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 43ನೆಯ ಹಾಗೂ ಅಲ್ ಮಾಇದಾ ಅಧ್ಯಾಯದ 6ನೆಯ ಸೂಕ್ತಗಳು ನೀಡಿವೆ. ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿರುವುದರಿಂದ ತಮ್ಮ ಮಸೀದಿಯ ಇಮಾಮರನ್ನು ಕೇಳಿಕೊಳ್ಳುವುದು ಒಳಿತು.

ಕೇಳುವುದರ ಮಹತ್ವವನ್ನು ಅಬೂದಾವೂದ್ ಸಂಗ್ರಹದಲ್ಲಿ ಜಾಬಿರ್(ರ)ರಿಂದ ವರದಿಯಾದ ಘಟನೆಯೊಂದು ತಿಳಿಸುತ್ತದೆ. ಪ್ರಯಾಣದಲ್ಲಿ ತಲೆಗೆ ಕಲ್ಲೇಟು ತಗಲಿದ್ದ ಒಬ್ಬರಿಗೆ ಸ್ನಾನ ಕಡ್ಡಾಯವಾಯಿತು. ನಿನಗೆ ರಿಯಾಯಿತಿ ಇಲ್ಲವೆಂದು ಜೊತೆಗಾರರು ಹೇಳಿಬಿಟ್ಟರು. ಅವರು ಸ್ನಾನ ಮಾಡಿದರು, ಮರಣಹೊಂದಿದರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಆ ಜೊತೆಗಾರರನ್ನು ಕಠಿಣವಾಗಿ ಖಂಡಿಸಿದರು. ತಿಳಿಯದಿದ್ದಾಗ ಕೇಳಬೇಕಿತ್ತೆಂದು ಎಚ್ಚರಿಸಿದರು. ಕೈ ತುಂಬ ಗುಳ್ಳೆ ತುಂಬಿಕೊಂಡು ಬಂದ ಕೂಲಿಕಾರನಿಗೆ ಅರೆತಿಳಿವಿನಿಂದ ಉತ್ತರ ಕೊಡುವ ಮೊದಲು ನಾವೆಲ್ಲ ಈ ಘಟನೆಯನ್ನು ನೆನೆಯಬೇಕು.

ಮತ್ತೊಂದು ಮಾತು. ಗಿಡದಿಂದ ಎದ್ದ ದದ್ದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಗುಳ್ಳೆಯ ನೀರು ತಗಲಿದರೂ ಹರಡುವುದಿಲ್ಲ. ಆದರೂ ಅಂಥವರು ಸಫ್‌ನ ತುದಿಯಲ್ಲಿ ಅಂತರವಿಟ್ಟು ನಿಲ್ಲುವುದನ್ನು, ಸಲಾಮಿಗೆ ಕೈ ನೀಡಲು ಅಳುಕುವುದನ್ನು ನಾವು ಕಂಡಿದ್ದೇವೆ. ನೋವು ಹೊತ್ತವನಿಗೆ ಒಂಟಿತನವನ್ನೂ ಹೊರಿಸುವುದು ಸಹೋದರತ್ವವಲ್ಲ. ಅವರನ್ನು ಹತ್ತಿರ ಕರೆದು ನಿಲ್ಲಿಸಿಕೊಳ್ಳೋಣ.

ದಾರಿಯಿಂದ ಕೇಡನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ನಾವು ಕಲಿತಿದ್ದೇವೆ. ಕಾಂಗ್ರೆಸ್ ಗಿಡವನ್ನು ಕೀಳುವುದೂ ಆ ಸತ್ಕರ್ಮಕ್ಕೆ ಸೇರಿದ್ದೇ. ಮಳೆಯಿಂದ ನೆಲ ಹಸಿಯಾಗಿರುವಾಗ, ಹೂ ಬಿಡುವ ಮುನ್ನ, ಬೇರುಸಹಿತ ಕೀಳಿ. ಕೈಗವಸು, ತುಂಬುತೋಳಿನ ಅಂಗಿ, ಮುಖಕ್ಕೆ ಬಟ್ಟೆ ಇರಲಿ. ಈಗಾಗಲೇ ಒಮ್ಮೆ ದದ್ದು ಎದ್ದವರಿಗೆ ನೀರು ಹೊರುವ, ಅಡುಗೆ ಮಾಡುವ ಬೇರೆ ಸೇವೆ ವಹಿಸಿ. ಬೆಳೆಯಿಲ್ಲದ ಜಾಗದಲ್ಲಿ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸಿದರೂ ಎಳೆಯ ಗಿಡ ಒಣಗುತ್ತದೆ.

ಶರೀರವು ಅಲ್ಲಾಹನು ನಮ್ಮ ವಶಕ್ಕೆ ಒಪ್ಪಿಸಿರುವ ಸೊತ್ತು. ಅದನ್ನು ಜೋಪಾನಮಾಡುವ ತಿಳಿವನ್ನೂ, ಮಣ್ಣಿನಲ್ಲಿ ದುಡಿಯುವ ಕೈಗಳಿಗೆ ಶಿಫಾವನ್ನೂ ಅವನು ಕರುಣಿಸಲಿ. ಆಮೀನ್.